ಕಾಗದದಲ್ಲಿ ಬಂದ ಬೆದರಿಕೆ ಹಿಂಸೆಯೇ?

ಕೇಳುಗರೇ, ನಮಸ್ಕಾರ.

ಅಮೆರಿಕದ ಜೈಲೊಂದರಲ್ಲಿ ಒಬ್ಬ ಕೈದಿ ಕಾಗದ ಬರೀತಾ ಕೂತಿದ್ದಾನೆ ಅಂದುಕೊಳ್ಳಿ. 'ಹೊರಗೆ ಬಂದ ದಿನ ನಿನ್ನ ಕಥೆ ಮುಗಿಸ್ತೀನಿ' ಅಂತ ಬರೆದು, ಲಕೋಟೆ ಅಂಟಿಸಿ ಅಂಚೆಗೆ ಹಾಕುತ್ತಾನೆ. ಅವನ ಕೈಯಲ್ಲಿರುವುದು ಬರೀ ಪೆನ್ನು. ಹೊರಗಿನಿಂದ ಬೀಗ. ಇದು ಹಿಂಸೆಯ ಅಪರಾಧವೇ?

ಅಪರಾಧ ಅನ್ನೋದೇನೋ ಖಂಡಿತ. ಅಲ್ಲಿನ ಫೆಡರಲ್, ಅಂದರೆ ಕೇಂದ್ರದ, ಅಪರಾಧ ಕಾನೂನಿನ 876ನೇ ಸೆಕ್ಷನ್ ಪ್ರಕಾರ, ಹೀಗೆ ಅಂಚೆಯಲ್ಲಿ ಬೆದರಿಸಿದರೆ 5 ವರ್ಷದವರೆಗೆ ಜೈಲು. ಫೆಡರಲ್ ನ್ಯಾಯಾಧೀಶರಿಗೇ ಬರೆದರೆ 10 ವರ್ಷದವರೆಗೆ. ಪೇಚಾಟ ಇರೋದು ಶಿಕ್ಷೆ ಲೆಕ್ಕ ಹಾಕುವಾಗ. ಆರೋಪಿ ಹಿಂದೆ ಎರಡು ಸಲ ಹಿಂಸೆಯ ಅಪರಾಧಕ್ಕೆ ಜೈಲು ಕಂಡಿದ್ದಾನೆ ಅನ್ನಿ. ಈ ಕಾಗದವೂ 'ಹಿಂಸೆ' ಅಂತ ಆದರೆ ಅವನು ಕಾಯಂ ಅಪರಾಧಿಗಳ ಪಟ್ಟಿಗೆ ಸೇರುತ್ತಾನೆ. ಸಾಮಾನ್ಯ ಲೆಕ್ಕದಲ್ಲಿ 15ರಿಂದ 21 ತಿಂಗಳಿಗೆ ಮುಗಿಯಬಹುದಾಗಿದ್ದ ಶಿಕ್ಷೆ 51 ತಿಂಗಳಿಂದ ಶುರುವಾಗುತ್ತದೆ.

ಈ ತಿಂಗಳುಗಳ ಲೆಕ್ಕಕ್ಕೆ ಫೆಡರಲ್ ಕೋರ್ಟುಗಳು ನೋಡುವ ಶಿಕ್ಷೆಯ ಮಾರ್ಗಸೂಚಿ, ಯಾವುದು ಹಿಂಸೆಯ ಅಪರಾಧ ಅನ್ನೋದಕ್ಕೆ ಹೇಳೋದು ಇಷ್ಟು: ಇನ್ನೊಬ್ಬರ ಮೈಮೇಲೆ ಬಲ ಪ್ರಯೋಗಿಸುವುದು, ಪ್ರಯತ್ನಿಸುವುದು ಅಥವಾ ಪ್ರಯೋಗಿಸುತ್ತೇನೆಂದು ಬೆದರಿಸುವುದು, ಇವುಗಳಲ್ಲಿ ಒಂದು ಆ ಅಪರಾಧದ ಭಾಗವಾಗಿರಬೇಕು. ಬೆದರಿಕೆ ಅನ್ನೋ ಮಾತು ಅಲ್ಲೇ ಇದೆಯಲ್ವಾ? ಹಾಗಾಗಿ 2017ರಲ್ಲಿ ಮೂರನೇ ಸರ್ಕ್ಯೂಟ್ (ಅಂದರೆ ವಲಯ) ಮೇಲ್ಮನವಿ ಕೋರ್ಟು, ಗಾಯ ಮಾಡುವ ಬೆದರಿಕೆಯ ಪತ್ರ ಹಿಂಸೆಯ ಅಪರಾಧವೇ ಅಂದಿತು. ವಕೀಲರು ಸುಮ್ನೆ ಬಿಡಲ್ಲ. 'ವಿಷ ಹಾಕ್ತೀನಿ' ಅಂದರೆ ಅದರಲ್ಲಿ ಬಲ ಎಲ್ಲಿದೆ ಅಂತ ಕೇಳುತ್ತಾರೆ. ವಿಷ ಕೊಡುವುದೂ ಬಲವೇ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಬೇರೊಂದು ಪ್ರಕರಣದಲ್ಲಿ ಹೇಳಿಯಾಗಿದೆ.

ಕಾಗದ ಪಡೆದವರ ಭಯವನ್ನು ನಾನು ಹಗುರ ಮಾಡುತ್ತಿಲ್ಲ. 2001ರಲ್ಲಿ ಅಂಚೆಯಲ್ಲಿ ಬಂದ ಆಂಥ್ರಾಕ್ಸ್ ಪುಡಿಯಿಂದ ಅಮೆರಿಕದಲ್ಲಿ 5 ಜನ ಸತ್ತರು. ಆಮೇಲೆ ಲಕೋಟೆಯಿಂದ ಒಂದಿಷ್ಟು ಬಿಳಿ ಪುಡಿ ಉದುರಿದರೆ ಸಾಕು, ಇಡೀ ಕಟ್ಟಡ ಖಾಲಿ ಮಾಡಿಸುತ್ತಿದ್ದರು. ಅದು ಬರೀ ಮೈದಾ ಹಿಟ್ಟಾಗಿದ್ದರೂ ಸರಿ.

ಆದರೆ 2022ರ ಟೇಲರ್ ಪ್ರಕರಣ ನೋಡಿ. ಟೇಲರ್ ಅನ್ನೋ ಆರೋಪಿ ಮತ್ತು ಅವನ ಜೊತೆಗಾರ ಗಾಂಜಾ ವ್ಯವಹಾರದ ನೆಪದಲ್ಲಿ ದರೋಡೆ ಮಾಡಲು ಹೋದರು. ಜೊತೆಗಾರನ ಪಿಸ್ತೂಲಿನ ಗುಂಡು ತಗುಲಿ ಒಬ್ಬ ಸತ್ತೇ ಹೋದ. ಹಿಂಸೆಯ ಅಪರಾಧದಲ್ಲಿ ಬಂದೂಕು ಬಳಸಿದರೆ ಸಿಗುವ ಹೆಚ್ಚುವರಿ ಶಿಕ್ಷೆಗೆ ಈ ದರೋಡೆ ಪ್ರಯತ್ನ ಹಿಂಸೆಯ ಅಪರಾಧವೇ ಅನ್ನೋ ಪ್ರಶ್ನೆ ಬಂತು. ಅಲ್ಲ ಅಂತ ಸುಪ್ರೀಂ ಕೋರ್ಟು ಏಳು-ಎರಡು ಬಹುಮತದಿಂದ ಹೇಳಿತು! ಯಾಕೆ? ಕೋರ್ಟು ನೋಡೋದು ಆ ದಿನ ನಡೆದದ್ದನ್ನಲ್ಲ, ಸೆಕ್ಷನ್ನಿನ ಮಾತನ್ನು. ದರೋಡೆಗೆ 'ಪ್ರಯತ್ನ' ಮಾಡಿದವನು ಯಾರನ್ನೂ ಬೆದರಿಸದೆಯೇ ಸಿಕ್ಕಿಬೀಳಬಹುದಲ್ಲ, ಅದಕ್ಕೆ.

ಹೆಣ ಬಿದ್ದಲ್ಲಿ ಹಿಂಸೆ ಇಲ್ಲ, ಬೀಗದೊಳಗಿನ ಪೆನ್ನಿನಲ್ಲಿ ಇದೆ. ತರ್ಕ ತಪ್ಪಿಲ್ಲ, ಆದರೂ ನನಗೆ ಇದು ಗಂಟಲಲ್ಲಿ ಇಳಿಯಲ್ಲ. ಬೆದರಿಸಿದವನಿಗೆ ಶಿಕ್ಷೆ ಆಗಲಿ. ಮೂರು ಪಟ್ಟು ಮಾಡೋ ಮುಂಚೆ ಬರೆದವನು ಯಾರು, ಏನು ಬರೆದ, ಮಾಡೋ ತಾಕತ್ತು ಅವನಿಗಿತ್ತಾ ಅಂತ ನೋಡಬೇಡವೇ? 2005ರಿಂದ ಮಾರ್ಗಸೂಚಿ ಕಡ್ಡಾಯವಲ್ಲ, ನ್ಯಾಯಾಧೀಶರು ಇಳಿಸಬಹುದು. ಆ ಕಾಗದವನ್ನು ಬಿಡಿಸಿ, ಅದರ ಸಾಲುಗಳನ್ನು ತೂಗಿ ನೋಡಲು ಅವಕಾಶ ಸಿಗೋದು ಆಗಲೇ, 51 ತಿಂಗಳ ಲೆಕ್ಕ ಮೇಜಿನ ಮೇಲೆ ಬಂದು ಕೂತ ಮೇಲೆ.

ನಮಸ್ಕಾರ.