ಗರಗಸ ಮೀನಿನ ಲೆಕ್ಕ ಯಾರ ಬಳಿ ಇದೆ?

ಕೇಳುಗರಿಗೆ ನಮಸ್ಕಾರ.

2021ರ ಮಾರ್ಚ್ ತಿಂಗಳಲ್ಲಿ ಮಲ್ಪೆ ಬಂದರಿನ ಒಂದು ವಿಡಿಯೊ ಮೊಬೈಲುಗಳಲ್ಲಿ ಓಡಾಡಿತ್ತು. ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಬಲೆಗೆ ಬಿದ್ದಿದ್ದ ಭಾರೀ ಗರಗಸ ಮೀನೊಂದನ್ನು ದಕ್ಕೆಯಲ್ಲಿ ಕ್ರೇನ್ ಹಾಕಿ ಎತ್ತುತ್ತಿದ್ದರು. ಇವತ್ತು ಆ ಮೀನಿನ ಬಗ್ಗೆಯೇ ನಾಲ್ಕು ಮಾತು.

ನೋಡಿದರೆ ಶಾರ್ಕ್ ಅನ್ನಿಸುತ್ತದೆ, ಆದರೆ ಇದು ತೊರಕೆಯ, ಅಂದರೆ ಚಪ್ಪಟೆ ಮೈಯ ರೇ ಮೀನಿನ ಬಳಗಕ್ಕೆ ಸೇರಿದ್ದು. ಕಿವಿರಿನ ಸೀಳುಗಳು ಹೊಟ್ಟೆಯ ಕಡೆ ಇರುತ್ತವೆ. ಕೆಲವು ಜಾತಿಗಳು 6 ಮೀಟರ್‌ಗೂ ಮೀರಿ ಬೆಳೆಯುತ್ತವೆ. ಮುಂದಕ್ಕೆ ಚಾಚಿಕೊಂಡಿರುವ ಆ ಗರಗಸ ಬರೀ ಆಯುಧ ಅಲ್ಲ. ಅದರ ಚರ್ಮದ ತುಂಬ ಸಣ್ಣ ಸಣ್ಣ ರಂಧ್ರಗಳಿವೆ. ಕೆಸರು ನೀರಿನಲ್ಲಿ ಕಣ್ಣು ಕಾಣದಿದ್ದರೂ, ಹತ್ತಿರದ ಮೀನಿನ ಮೈಯಿಂದ ಹೊರಡುವ ತೀರಾ ಸಣ್ಣ ವಿದ್ಯುತ್ತನ್ನು ಅದು ಅಲ್ಲಿಂದಲೇ ಗುರುತು ಹಿಡಿಯುತ್ತದೆ. ಹಾಗಾಗಿಯೇ ಹೊಳೆ ಸಮುದ್ರ ಸೇರುವ, ಕಲಕಿದ ನೀರಿನ ಅಳಿವೆಗಳು ಅದಕ್ಕೆ ಒಗ್ಗುತ್ತವೆ.

ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟುವಾಗ ಮರಿಯ ಗರಗಸದ ಮೇಲೆ ಮೆತ್ತನೆಯ ಪೊರೆ ಇರುತ್ತದೆ, ತಾಯಿಗೆ ಗಾಯ ಆಗಬಾರದಲ್ಲ! ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಕಳಚಿ ಹೋಗುತ್ತದೆ. ಮರಿಗಳು ಮೊದಲ ಕೆಲವು ವರ್ಷ ಅಳಿವೆಯಲ್ಲಿ, ಕಾಂಡ್ಲದ, ಅಂದರೆ ಮ್ಯಾಂಗ್ರೋವ್ ಗಿಡಗಳ ಬೇರುಗಳ ನಡುವೆ, ಕೆಲವು ಜಾತಿಯವು ಸಿಹಿನೀರಿನ ಹೊಳೆಯಲ್ಲೂ ಬೆಳೆದು, ಆಮೇಲೆ ಸಮುದ್ರಕ್ಕೆ ಹೋಗುತ್ತವೆ. ಒಂದು ಸಲಕ್ಕೆ ಬೆರಳೆಣಿಕೆಯಷ್ಟೇ ಮರಿ. ಅವು ಮತ್ತೆ ಮರಿ ಹಾಕುವಷ್ಟು ದೊಡ್ಡವಾಗಲು ಅನೇಕ ವರ್ಷ ಬೇಕು. ಬಂಗುಡೆ, ಬೂತಾಯಿ ಒಂದು ವರ್ಷ ಕಮ್ಮಿಯಾದರೂ ಮತ್ತೆ ತುಂಬಿಕೊಳ್ಳುತ್ತವೆ. ಈ ಮೀನಿಗೆ ಅದು ಸಾಧ್ಯವಿಲ್ಲ.

ಜಗತ್ತಿನಲ್ಲಿ ಗರಗಸ ಮೀನಿನ ಐದು ಜಾತಿಗಳಿವೆ. ಐದೂ ಅಳಿವಿನ ಅಪಾಯದಲ್ಲಿವೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ ಹೇಳುತ್ತದೆ. ಒಂದು ಕಾಲದಲ್ಲಿ 90 ದೇಶಗಳ ಕರಾವಳಿಯಲ್ಲಿ ಇವು ಇದ್ದವು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅವುಗಳಲ್ಲಿ 46 ದೇಶಗಳಿಂದ ಕನಿಷ್ಠ ಒಂದು ಜಾತಿಯಾದರೂ ಕಣ್ಮರೆಯಾಗಿದೆ.

ಈ ಅಪಾಯವನ್ನು ಅಳೆಯುವುದು ಹೇಗೆ? ಕೆಂಪು ಪಟ್ಟಿಗೆ ಹಲವು ಮಾನದಂಡಗಳಿವೆ. ಹೆಚ್ಚು ಬಳಕೆಯಾಗುವುದು ಇದು: ಹತ್ತು ವರ್ಷ ಅಥವಾ ಆ ಪ್ರಾಣಿಯ ಮೂರು ತಲೆಮಾರು, ಯಾವುದು ಜಾಸ್ತಿಯೋ ಅಷ್ಟು ಕಾಲದಲ್ಲಿ ಸಂಖ್ಯೆ ಎಷ್ಟು ಕುಸಿದಿದೆ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಶೇ. 30 ಕುಸಿದರೆ ಒಂದು ದರ್ಜೆ, 50 ಆದರೆ ಅದಕ್ಕಿಂತ ಗಂಭೀರ, 80 ದಾಟಿದರೆ ಅತ್ಯಂತ ಗಂಭೀರ. ದೊಡ್ಡ ಜಾತಿಯ ಗರಗಸ ಮೀನುಗಳ ಮೂರು ತಲೆಮಾರು ಅಂದರೆ ನಲವತ್ತು ವರ್ಷಕ್ಕೂ ಮೇಲೆ. ನಲವತ್ತು ವರ್ಷದ ಹಿಂದೆ ನಮ್ಮ ಅಳಿವೆಗಳಲ್ಲಿ ಗರಗಸ ಮೀನನ್ನು ಎಣಿಸಿದವರು ಯಾರು? ಯಾರೂ ಇಲ್ಲ. ಹುಲಿಗಾದರೆ ಹೆಜ್ಜೆ ಗುರುತು, ಕ್ಯಾಮೆರಾ ಇದೆ. ಕೆಸರು ನೀರಿನ ತಳದಲ್ಲಿರುವ ಮೀನಿಗೆ ಏನಿದೆ?

ಇದ್ದದ್ದು ಮೀನುಗಾರರ ನೆನಪು. ಬಂದರಿನಲ್ಲಿ ಇಳಿದ ಮೀನಿನ ಹಳೇ ದಾಖಲೆ, ಹಳೇ ಫೋಟೊ, ಇವನ್ನೆಲ್ಲ ವಿಜ್ಞಾನಿಗಳು ಹುಡುಕುತ್ತಾರೆ. ಜೊತೆಗೆ ಊರೂರಿಗೆ ಹೋಗಿ ಹಿರಿಯ ತಂಡೇಲರನ್ನು, ಅಂದರೆ ದೋಣಿ ನಡೆಸುವ ಮುಖ್ಯಸ್ಥರನ್ನು ಕೇಳುತ್ತಾರೆ, ‘ಕೊನೇ ಸಲ ಯಾವಾಗ ನೋಡಿದಿರಿ?’ ಅಜ್ಜ ಹತ್ತಾರು ನೋಡಿದ್ದ, ಅಪ್ಪ ಒಂದೆರಡು, ಮಗ ಒಂದೂ ನೋಡಿಲ್ಲ ಅಂದರೆ ಅದೇ ಒಂದು ಲೆಕ್ಕ. ಇದನ್ನು ಸುಮ್ನೆ ಹರಟೆ ಅಂತ ತಳ್ಳಿಹಾಕುವ ಹಾಗಿಲ್ಲ. ಎಷ್ಟೋ ಕರಾವಳಿಗಳಲ್ಲಿ ನಮಗೆ ಸಿಗುವ ಮುಖ್ಯ ಪುರಾವೆಯೇ ಇದು.

ಈಗ ಕಾನೂನಿನ ವಿಚಾರ. 2001ರಿಂದ ಗರಗಸ ಮೀನು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ. ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು. ರಕ್ಷಣೆ ಬೇಕೇ ಬೇಕು. ಆದರೆ ಇದರ ಹಿಂದೆಯೇ ಒಂದು ತೊಡಕಿದೆ. ಯಾರೂ ಈ ಮೀನನ್ನೇ ಹಿಡಿಯಬೇಕೆಂದು ಹೊರಡುವುದಿಲ್ಲ. ಬೇರೆ ಮೀನಿಗೆ ಹಾಕಿದ ಬಲೆಗೆ ಗರಗಸದ ಒಂದು ಹಲ್ಲು ಸಿಕ್ಕರೆ ಸಾಕು. ಬಿಡಿಸಿಕೊಳ್ಳಲು ಅದು ತಲೆ ಬೀಸುತ್ತದೆ, ಬೀಸಿದಷ್ಟೂ ನೂಲು ಸುತ್ತಿಕೊಳ್ಳುತ್ತದೆ. ದೋಣಿಯಲ್ಲಿದ್ದವನಿಗೆ ಬಲೆ ಹರಿದ ನಷ್ಟ ಒಂದು ಕಡೆ, ಕೇಸಿನ ಭಯ ಇನ್ನೊಂದು ಕಡೆ. ಆಗ ಅವನು ಯಾರಿಗೂ ಹೇಳುವುದಿಲ್ಲ. ಮೀನೂ ಹೋಯಿತು, ಅದು ಅಲ್ಲಿತ್ತು ಎಂಬ ಮಾಹಿತಿಯೂ ಹೋಯಿತು.

ಇದಕ್ಕೆ ದಾರಿ ಇಲ್ಲದೇ ಇಲ್ಲ. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕನ್ನು ಉಳಿಸುವ ಅಭಿಯಾನ 2004ರಲ್ಲಿ ಶುರುವಾಯಿತು. ಕಥಾವಾಚಕ ಮೊರಾರಿ ಬಾಪು ಆ ಶಾರ್ಕನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಜನ ಒಪ್ಪಿಕೊಂಡರು. ಹರಿದ ಬಲೆಗೆ ಪರಿಹಾರವೂ ಸಿಕ್ಕಿತು. ಅಲ್ಲಿನ ಮೀನುಗಾರರು ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಬಲೆ ಕೊಯ್ದು ಬಿಟ್ಟಿದ್ದಾರೆ. ಮಹಾರಾಷ್ಟ್ರದಲ್ಲೂ 2018ರಿಂದ ಸಂರಕ್ಷಿತ ಕಡಲಜೀವಿಯನ್ನು ಬಿಟ್ಟು ಫೋಟೊ ತೋರಿಸಿದವರಿಗೆ ಬಲೆಯ ನಷ್ಟಕ್ಕಾಗಿ 25,000 ರೂಪಾಯಿವರೆಗೆ ಕೊಡುವ ಯೋಜನೆ ಇದೆ. ಇಂಥ ಏರ್ಪಾಟು ಪ್ರತಿಯೊಂದು ಬಂದರಿನಲ್ಲೂ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕಡಲಿಗೆ ಹೋಗುವವನ ಜೇಬಿನ ಖರ್ಚಿನಲ್ಲಿ ಜಾತಿಯೊಂದನ್ನು ಉಳಿಸಿ ಎನ್ನುವುದು ನ್ಯಾಯ ಅಲ್ಲ.

ಅಮೆರಿಕದ ಫ್ಲೋರಿಡಾದಲ್ಲಿ 1995ರಿಂದ ದಡದ ಹತ್ತಿರದ ನೀರಿನಲ್ಲಿ ಮೀನು ಸಿಕ್ಕಿಕೊಳ್ಳುವಂಥ ಬಲೆಗಳನ್ನು ನಿಲ್ಲಿಸಿದರು. ಅಲ್ಲಿನ ಎವರ್‌ಗ್ಲೇಡ್ಸ್ ಎಂಬ ಜೌಗು ಪ್ರದೇಶದ ಕಾಂಡ್ಲ ಕಾಡು ಮೊದಲೇ ಉಳಿದಿತ್ತು. ಅಲ್ಲಿ ಗರಗಸ ಮೀನು ನಿಧಾನಕ್ಕೆ ಚೇತರಿಸಿಕೊಳ್ಳುತ್ತಿತ್ತು. ಆದರೆ 2023ರ ಕೊನೆಯ ಹೊತ್ತಿಗೆ ಅಲ್ಲಿನ ಮೀನುಗಳು ದಿಕ್ಕು ತಪ್ಪಿ ಗಿರಗಿರನೆ ಸುತ್ತತೊಡಗಿದವು. 2024ರಲ್ಲಿ ಐವತ್ತಕ್ಕೂ ಹೆಚ್ಚು ಗರಗಸ ಮೀನುಗಳು ಸತ್ತವು. ತಳದ ಪಾಚಿಯ ವಿಷವೇ ಕಾರಣ ಇರಬೇಕು ಎಂದು ವಿಜ್ಞಾನಿಗಳು ಅಂದಾಜಿಸಿದರು. ಇಷ್ಟು ಕಮ್ಮಿ ಉಳಿದಿರುವಾಗ ಐವತ್ತು ಅಂದರೆ ಸಣ್ಣ ಪೆಟ್ಟಲ್ಲ.

ಕರಾವಳಿಯ ಕೇಳುಗರಲ್ಲಿ ಒಂದು ಕೋರಿಕೆ. ಗರಗಸ ಮೀನು ಬಲೆಗೆ ಬಿದ್ದರೆ ಗರಗಸ ಕತ್ತರಿಸಬೇಡಿ, ಅದು ಮತ್ತೆ ಬೆಳೆಯುವುದಿಲ್ಲ. ಸಾಧ್ಯವಾದಷ್ಟೂ ನೀರಿನಲ್ಲೇ ಇಟ್ಟು, ಗರಗಸದಿಂದ ದೂರ ನಿಂತು, ಬಲೆ ಕೊಯ್ದು ಬಿಡಿ. ಒಂದು ಫೋಟೊ ತೆಗೆಯಿರಿ. ಮನೆಯಲ್ಲಿ ಹಿರಿಯ ಮೀನುಗಾರರಿದ್ದರೆ ಅವರು ಕಂಡದ್ದನ್ನು ಕೇಳಿ ಬರೆದಿಡಿ, ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ತಿಳಿಸಿ. ಯಾವ ಅಳಿವೆ, ಯಾವ ವರ್ಷ, ಸುಮಾರು ಎಷ್ಟು ಉದ್ದ. ಇಷ್ಟು ಸಿಕ್ಕರೂ ಲೆಕ್ಕಕ್ಕೆ ಬರುತ್ತದೆ.

ನಮಸ್ಕಾರ.