ಕಾರ್ಡಿಗೂ ಮುಂಚೆ ಎಸ್‌ಎಂಪಿಎಸ್

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯಲ್ಲಿ ಏಳೆಂಟು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಪತ್ರ ಬರೆಯುವುದು, ಲೆಕ್ಕ ಇಡುವುದು, ಸಿನಿಮಾ ನೋಡುವುದು ಎಲ್ಲ ಸರಾಗವಾಗಿ ನಡೆಯುತ್ತದೆ. ಹೊಸ ಆಟ ಹಾಕಿದಾಗ ಮಾತ್ರ ಪರದೆ ತಡವರಿಸುತ್ತದೆ. ಇಡೀ ಕಂಪ್ಯೂಟರ್ ಬದಲಿಸಬೇಕಿಲ್ಲ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಬದಲಿಸಿದರೆ ಸಾಕು ಅಂತ ಯಾರೋ ಹೇಳಿದ್ದಾರೆ. ಅವರು ಹೇಳಿದ್ದು ಸರಿ. ಆದರೆ ಅವರು ಹೇಳದೆ ಬಿಟ್ಟ ಮಾತೊಂದಿದೆ. ಇವತ್ತು ಬೇರೆಲ್ಲ ಮರೆತರೂ ಅದೊಂದನ್ನು ನೆನಪಿಡಿ: ಕಾರ್ಡ್ ಆರಿಸುವ ಮುಂಚೆ ಎಸ್‌ಎಂಪಿಎಸ್ ನೋಡಿ.

ಎಸ್‌ಎಂಪಿಎಸ್ ಅಂದರೆ ಕ್ಯಾಬಿನೆಟ್‌ನ ಹಿಂಭಾಗದಲ್ಲಿ ನೀವು ಕರೆಂಟಿನ ವೈರ್ ಚುಚ್ಚುತ್ತೀರಲ್ಲ, ಆ ತಗಡಿನ ಡಬ್ಬ. ಗೋಡೆಯಿಂದ ಬಂದ ವಿದ್ಯುತ್ತನ್ನು 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಎಂದು ಮೂರು ಬಗೆಯಾಗಿ ಹಂಚುವುದು ಅದರ ಕೆಲಸ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟಿನ ದಾರಿಯಿಂದಲೇ ಉಣ್ಣುತ್ತವೆ. ಆದ್ದರಿಂದ ನಿಮಗೆ ಬೇಕಾದ ಅಂಕಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಒಟ್ಟು ವಾಟ್ ಅಲ್ಲ. 12 ವೋಲ್ಟಿನಲ್ಲಿ ಎಷ್ಟು ಆಂಪ್ ಕೊಡುತ್ತದೆ ಎಂಬುದು.

ಕಾಗದ ಪೆನ್ನು ಇದ್ದರೆ ತೆಗೆದುಕೊಳ್ಳಿ. ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆಯಿರಿ. ಡಬ್ಬದ ಮೇಲಿನ ಚೀಟಿಯಲ್ಲಿ ಒಂದು ಕೋಷ್ಟಕ ಇರುತ್ತದೆ. 12 ವೋಲ್ಟಿನ ಕೆಳಗೆ 24 ಆಂಪ್ ಅಂತ ಇದೆ ಅಂದುಕೊಳ್ಳಿ. ಹನ್ನೆರಡನ್ನು ಇಪ್ಪತ್ನಾಲ್ಕರಿಂದ ಗುಣಿಸಿ, 288 ವಾಟ್ ಬಂತು. ಡಬ್ಬದ ಮೇಲೆ 450 ವಾಟ್ ಎಂದು ಬರೆದಿದ್ದರೂ ಕಾರ್ಡಿಗೆ, ಪ್ರೊಸೆಸರ್‌ಗೆ ಸಿಗುವುದು ಆ 288 ಮಾತ್ರ. ಉಳಿದದ್ದು 5 ಮತ್ತು 3.3 ವೋಲ್ಟಿನದು, ಅದು ನಿಮ್ಮ ಕಾರ್ಡಿನ ಹಸಿವು ತೀರಿಸುವುದಿಲ್ಲ. 12 ವೋಲ್ಟಿನ ಕಾಲಂ ಎರಡಿದ್ದರೆ ಎರಡನ್ನೂ ಕೂಡಿಸಬೇಡಿ. ಅವುಗಳ ಕೆಳಗೆ ಎರಡೂ ಸೇರಿ ಗರಿಷ್ಠ ಎಷ್ಟು ವಾಟ್ ಎಂದು ಬರೆದಿರುತ್ತದೆ, ಅದನ್ನೇ ಬರೆದುಕೊಳ್ಳಿ.

ಈಗ ಖರ್ಚಿನ ಲೆಕ್ಕ. ಹಳೆಯ ಪ್ರೊಸೆಸರ್ 65 ಅಥವಾ 95 ವಾಟ್. ಮದರ್‌ಬೋರ್ಡ್, ರ್‍ಯಾಮ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ 50 ಎಂದಿಟ್ಟುಕೊಳ್ಳಿ. ಕಾರ್ಡ್ 120 ವಾಟಿನದಾದರೆ 95, 50, 120, ಒಟ್ಟು 265. ಇದನ್ನು ಒಂದೂವರೆ ಪಟ್ಟು ಮಾಡಿ, ಸುಮಾರು 400. ನಿಮ್ಮ 12 ವೋಲ್ಟಿನ ಲೆಕ್ಕದಲ್ಲಿ 400 ವಾಟ್ ಇರಬೇಕು, ಅಂದರೆ 33 ಆಂಪ್. ಮೇಲಿನ ಉದಾಹರಣೆಯ 288ಕ್ಕೆ ಇದು ದಕ್ಕುವುದಿಲ್ಲ.

265 ಸಾಕಾಗುವ ಕಡೆ 400 ಯಾಕೆ? ಎರಡು ಕಾರಣ. ಕಾರ್ಡಿನ ಮೇಲೆ ಬರೆದ ವಾಟ್ ಒಂದು ಸರಾಸರಿ. ಆಟದ ದೃಶ್ಯ ಬದಲಾದಾಗ ಕೆಲವೇ ಮಿಲಿಸೆಕೆಂಡುಗಳ ಮಟ್ಟಿಗೆ ಅದು ಸರಾಸರಿಗಿಂತ ಬಹಳ ಹೆಚ್ಚು ಎಳೆಯುತ್ತದೆ. ಜೊತೆಗೆ ನಿಮ್ಮ ಎಸ್‌ಎಂಪಿಎಸ್‌ಗೂ ವಯಸ್ಸಾಗಿದೆ. ಅದರೊಳಗಿನ ಕೆಪಾಸಿಟರ್‌ಗಳು ಬಿಸಿಯಲ್ಲಿ ವರ್ಷಗಟ್ಟಲೆ ದುಡಿದು ಒಣಗಿರುತ್ತವೆ, ಇಂಥ ಹಠಾತ್ ಎಳೆತಗಳನ್ನು ಸಂಭಾಳಿಸುವ ಶಕ್ತಿ ಹೊಸದರಲ್ಲಿದ್ದಷ್ಟು ಇರುವುದಿಲ್ಲ. ಆಟದ ನಡುವೆ ಯಾರೋ ಪ್ಲಗ್ ಕಿತ್ತಂತೆ ಕಂಪ್ಯೂಟರ್ ದಿಢೀರನೆ ಆರಿ ಮತ್ತೆ ತಾನಾಗಿ ಶುರುವಾದರೆ, ಅದು ಹೆಚ್ಚಿನ ಸಲ ವೈರಸ್ಸೂ ಅಲ್ಲ, ವಿಂಡೋಸ್ ದೋಷವೂ ಅಲ್ಲ. ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಕೈಚೆಲ್ಲಿದ ಲಕ್ಷಣ. ಜನ ಆಗ ವಿಂಡೋಸ್ ಅಳಿಸಿ ಮತ್ತೆ ಹಾಕುತ್ತಾರೆ, ಕಾರ್ಡ್ ವಾಪಸ್ ಮಾಡುತ್ತಾರೆ, ರ್‍ಯಾಮ್ ಬದಲಿಸುತ್ತಾರೆ. ದಯವಿಟ್ಟು ಮೊದಲು ಆ ಚೀಟಿ ಓದಿ.

ವಿದ್ಯುತ್ತಿನ ದಾರಿ ಯಾಕಿಷ್ಟು ಮುಖ್ಯ ಎನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. ಗ್ರಾಫಿಕ್ಸ್ ಕಾರ್ಡಿನ ಚರಿತ್ರೆಯಲ್ಲಿ ಇಷ್ಟು ಚೆನ್ನಾಗಿ ಪಾಠ ಹೇಳುವ ಘಟನೆ ಇನ್ನೊಂದಿಲ್ಲ.

2016ರ ಜೂನ್ 29ರಂದು ಎಎಂಡಿ ಕಂಪನಿ ರೇಡಿಯಾನ್ ಆರ್‌ಎಕ್ಸ್ 480 ಎಂಬ ಕಾರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಒಳ್ಳೆಯ ಕಾರ್ಡ್, ಮಧ್ಯಮ ಬೆಲೆಯದು, ಹಳೆಯ ಕಂಪ್ಯೂಟರ್ ಇದ್ದವರು ಕಾಯುತ್ತಿದ್ದಂಥದ್ದು. ಅದರ ವಿದ್ಯುತ್ ಲೆಕ್ಕ 150 ವಾಟ್. ಎಲ್ಲಿಂದ? ಕಾರ್ಡ್ ಕೂರುವ ಮದರ್‌ಬೋರ್ಡಿನ ಉದ್ದ ಸ್ಲಾಟಿನಿಂದ 75 ವಾಟ್, ಎಸ್‌ಎಂಪಿಎಸ್‌ನಿಂದ ನೇರ ಬರುವ 6 ಪಿನ್ನಿನ ಕನೆಕ್ಟರಿನಿಂದ 75 ವಾಟ್. ಕಾಗದದ ಮೇಲೆ ಸರಿಯಾಗಿ ಕೂತ ಲೆಕ್ಕ, ಒಂದು ವಾಟ್ ಕೂಡ ಮಿಗುವುದಿಲ್ಲ. ತೊಂದರೆ ಇದ್ದದ್ದೇ ಆ ಮಿಗದಿರುವುದರಲ್ಲಿ.

ಸ್ಲಾಟಿನ 75 ವಾಟ್ ಅಂದೆನಲ್ಲ, ಅದನ್ನೂ ಬಿಡಿಸಿ ನೋಡೋಣ. ಸ್ಲಾಟಿನಲ್ಲಿ 12 ವೋಲ್ಟ್ ಸಾಗಿಸುವ ಪುಟ್ಟ ಸಂಪರ್ಕಗಳು ಐದೇ ಐದು. ಒಂದೊಂದಕ್ಕೆ 1.1 ಆಂಪ್ ಮಿತಿ, ಒಟ್ಟು ಐದೂವರೆ ಆಂಪ್, ಅಂದರೆ 66 ವಾಟ್. ಉಳಿದ ಸುಮಾರು 10 ವಾಟ್ 3.3 ವೋಲ್ಟಿನಿಂದ ಬರುತ್ತದೆ. ಕಾರ್ಡ್ ಕೈಗೆ ಬಂದ ಕೂಡಲೇ ಪರೀಕ್ಷಕರು ಸ್ಲಾಟಿಗೂ ಕಾರ್ಡಿಗೂ ನಡುವೆ ಅಳತೆಯ ಉಪಕರಣ ಇಟ್ಟು ನೋಡಿದರು. ಆಟ ಓಡುವಾಗ ಕಾರ್ಡ್ ಒಟ್ಟು 150 ವಾಟ್ ದಾಟುತ್ತಿತ್ತು. ಕಾರ್ಡಿನ ಮೇಲಿನ ವಿದ್ಯುತ್ ಮಂಡಲವು ಹೊರೆಯನ್ನು ಹೆಚ್ಚುಕಡಿಮೆ ಅರ್ಧರ್ಧ ಹಂಚುತ್ತಿದ್ದುದರಿಂದ ಸ್ಲಾಟಿನ ಪಾಲು 75 ವಾಟನ್ನು ಮೀರಿ 80ರ ಆಚೆಗೂ ಹೋಗಿತ್ತು. ಒಂದು ಕ್ಷಣವಲ್ಲ, ಆಟ ನಡೆದಷ್ಟು ಹೊತ್ತೂ.

ಹೊಸ, ಗಟ್ಟಿ ಮದರ್‌ಬೋರ್ಡ್ ಇದನ್ನು ತಡೆದುಕೊಳ್ಳುತ್ತದೆ. ಆತಂಕ ಇದ್ದದ್ದು ಹಳೆಯ, ಅಗ್ಗದ ಬೋರ್ಡುಗಳ ಬಗ್ಗೆ, ಅಂದರೆ ಇವತ್ತು ಈ ಮಾತು ಕೇಳುತ್ತಿರುವ ನಿಮ್ಮಂಥವರ ಬೋರ್ಡುಗಳ ಬಗ್ಗೆ. ಅಲ್ಲಿ ಈ ವಿದ್ಯುತ್ತು ಬೋರ್ಡಿನ ತೆಳ್ಳನೆಯ ತಾಮ್ರದ ಗೆರೆಗಳ ಮೇಲೆ ಹಾದು ಬರಬೇಕು, ಮೇಲಿಂದ 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿರುವ ಎರಡೇ 12 ವೋಲ್ಟ್ ತಂತಿಗಳ ಮೂಲಕ ಬರಬೇಕು.

ಎಎಂಡಿ ಏನು ಮಾಡಿತು? ಜುಲೈ ಮೊದಲ ಭಾಗದಲ್ಲೇ 16.7.2 ಎಂಬ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಕೊಟ್ಟಿತು. ಅದು ಹೊರೆಯ ಒಂದು ಭಾಗವನ್ನು ಸ್ಲಾಟಿನಿಂದ ತೆಗೆದು 6 ಪಿನ್ನಿನ ಕಡೆಗೆ ತಿರುಗಿಸಿತು. ಆ ಕನೆಕ್ಟರಿನ ದಪ್ಪ ತಂತಿಗಳಿಗೆ 75ಕ್ಕಿಂತ ಹೆಚ್ಚು ಹೊರುವ ತಾಕತ್ತು ನಿಜವಾಗಿಯೂ ಇದೆ. ಸ್ಲಾಟಿನ ಪುಟ್ಟ ಸಂಪರ್ಕಗಳಿಗೆ ಅದಿಲ್ಲ. ಜೊತೆಗೆ ಒಟ್ಟು ವಿದ್ಯುತ್ತನ್ನೇ ಇಳಿಸುವ ಒಂದು ಆಯ್ಕೆಯನ್ನೂ ಕೊಟ್ಟರು. ಆಮೇಲೆ ಬೇರೆ ತಯಾರಕರು ಇದೇ ಕಾರ್ಡನ್ನು 150 ವಾಟ್ ಹೊರಬಲ್ಲ 8 ಪಿನ್ನಿನ ಕನೆಕ್ಟರ್ ಜೊತೆ ತಂದರು. ಸೆಕೆಂಡ್‌ಹ್ಯಾಂಡಿನಲ್ಲಿ ಆರ್‌ಎಕ್ಸ್ 480 ಸಿಕ್ಕಿ ಕೊಳ್ಳುವುದಾದರೆ 8 ಪಿನ್ನಿನದನ್ನೇ ಹುಡುಕಿ.

ಸ್ಲಾಟಿಗೆ 75, 6 ಪಿನ್ನಿಗೆ 75, 8 ಪಿನ್ನಿಗೆ 150. ಈ ಮೂರು ಅಂಕಿ ಗೊತ್ತಿದ್ದರೆ ಈ ಕನೆಕ್ಟರುಗಳಿರುವ ಯಾವ ಕಾರ್ಡನ್ನಾದರೂ ಕಣ್ಣಳತೆಯಲ್ಲೇ ತೂಗಬಹುದು.

ಇದೇ ಕಾರಣಕ್ಕೆ ಸಾಟಾ ಅಡಾಪ್ಟರ್ ಬಗ್ಗೆ ನಾನು ಖಂಡಿತವಾಗಿ ಬೇಡ ಅನ್ನುತ್ತೇನೆ. ಎಸ್‌ಎಂಪಿಎಸ್‌ನಲ್ಲಿ 6 ಪಿನ್ ಇಲ್ಲ ಎಂದಾಗ ಹಾರ್ಡ್‌ಡಿಸ್ಕಿನ ಚಪ್ಪಟೆ ಸಾಟಾ ಕನೆಕ್ಟರಿನಿಂದ ಅದನ್ನು ಮಾಡಿಕೊಡುವ ಪುಟ್ಟ ವೈರ್ ಸಿಗುತ್ತದೆ. ಸಾಟಾದಲ್ಲಿ 12 ವೋಲ್ಟಿಗೆ ಇರುವುದು ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪ್. ಒಟ್ಟು 54 ವಾಟ್. ಕಾರ್ಡ್ ಅಲ್ಲಿಂದ 75 ಕೇಳುತ್ತದೆ. ಪ್ಲಾಸ್ಟಿಕ್ ಕರಗುವುದು ಹೀಗೆ. 6 ಪಿನ್ ಇಲ್ಲದ ಎಸ್‌ಎಂಪಿಎಸ್, ನನಗೆ ಈ ಕೆಲಸ ಆಗುವುದಿಲ್ಲ ಎಂದು ತಾನೇ ಹೇಳುತ್ತಿದೆ. ಅದರ ಮಾತು ಕೇಳಿ, ಎಸ್‌ಎಂಪಿಎಸ್ ಬದಲಿಸಿ. ಬದಲಿಸುವಾಗ ಹಳೆಯ ಕೇಬಲ್ ಉಳಿಸಿಕೊಂಡು ಹೊಸ ಡಬ್ಬಕ್ಕೆ ಚುಚ್ಚಬೇಡಿ. ಬಿಚ್ಚಿ ಹಾಕಬಹುದಾದ ಕೇಬಲ್‌ಗಳಲ್ಲಿ ಡಬ್ಬದ ಕಡೆಯ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಡಿಸ್ಕು ಬೋರ್ಡು ಎರಡೂ ಸುಟ್ಟುಹೋಗಬಹುದು. ಪ್ರೊಸೆಸರಿನ 8 ಪಿನ್ನೂ ಕಾರ್ಡಿನ 8 ಪಿನ್ನೂ ಒಂದೇ ಥರ ಕಾಣುತ್ತವೆ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಪ್ರೊಸೆಸರಿನದು ನಾಲ್ಕು ನಾಲ್ಕಾಗಿ ಒಡೆಯುತ್ತದೆ, ಕಾರ್ಡಿನದು ಆರು ಎರಡಾಗಿ. ಕೂರದಿದ್ದರೆ ಒತ್ತಬೇಡಿ.

ಕಚೇರಿಗಳಿಂದ ಬಂದ ಸಣ್ಣ ಸಿದ್ಧ ಕಂಪ್ಯೂಟರ್ ಇದ್ದವರಿಗೆ ಎಸ್‌ಎಂಪಿಎಸ್ ಬದಲಿಸುವುದೂ ಸುಲಭವಲ್ಲ. ಅವುಗಳ ಡಬ್ಬದ ಆಕಾರ, ಬೋರ್ಡಿನ ಕನೆಕ್ಟರ್ ಎಷ್ಟೋ ಸಲ ಆ ಕಂಪನಿಯದೇ ವಿಶೇಷ. ಅಂಥವರು ಡಬ್ಬಕ್ಕೆ ತಕ್ಕ ಕಾರ್ಡ್ ಹುಡುಕಬೇಕು. 240 ವಾಟಿನ ಡಬ್ಬ, 65 ವಾಟಿನ ಪ್ರೊಸೆಸರ್ ಇದ್ದರೆ 53 ವಾಟಿನ ರೇಡಿಯಾನ್ ಆರ್‌ಎಕ್ಸ್ 6400 ನನ್ನ ಲೆಕ್ಕಕ್ಕೆ ಹತ್ತಿರ ಬರುತ್ತದೆ, ಒಂದೂವರೆ ಪಟ್ಟು ಮಾಡಿದರೆ 252. ಸಣ್ಣ ಕ್ಯಾಬಿನೆಟ್‌ಗೆ ಹೊಂದುವ ಅರ್ಧ ಎತ್ತರದಲ್ಲೂ ಸಿಗುತ್ತದೆ. ಅದು ಬೋರ್ಡಿನೊಂದಿಗೆ ಮಾಹಿತಿ ಸಾಗಿಸುವ ನಾಲ್ಕೇ ಲೇನ್‌ಗಳ ಕಾರ್ಡ್, ಹಳೆಯ ಬೋರ್ಡಿನಲ್ಲಿ ಸ್ವಲ್ಪ ವೇಗ ಕಳೆದುಕೊಳ್ಳುತ್ತದೆ. ವಿಡಿಯೋ ರೆಕಾರ್ಡ್ ಮಾಡಲು ಬೇಕಾದ ಎನ್‌ಕೋಡರ್ ಅದರಲ್ಲಿಲ್ಲ. 300 ವಾಟಿನ ಡಬ್ಬ ಇದ್ದರೆ ಎನ್ವಿಡಿಯಾ ಕಂಪನಿಯ 75 ವಾಟಿನ ಜಿಟಿಎಕ್ಸ್ 1650 ಅಥವಾ 70 ವಾಟಿನ, 6 ಜಿಬಿಯ ಆರ್‌ಟಿಎಕ್ಸ್ 3050 ನೋಡಿ. 1650ರ ಕೆಲವು ಮಾದರಿಗಳಿಗೆ 6 ಪಿನ್ ಬೇಕು, ಕೊಳ್ಳುವಾಗ ಕಾರ್ಡಿನ ಅಂಚು ನೋಡಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಇಂಟೆಲ್ ಆರ್ಕ್ ಕಾರ್ಡುಗಳು ಹಳೆಯ ಬೋರ್ಡಿಗೆ ಬೇಡ. ಕಾರ್ಡಿನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೆ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೋರ್ಡಿನಲ್ಲಿ ಇಲ್ಲದಿದ್ದರೆ ಅವು ತುಂಬ ಸೊರಗುತ್ತವೆ. ಕ್ಯಾಬಿನೆಟ್‌ನ ಹಿಂಗೋಡೆಯಿಂದ ಮುಂದಿನ ಅಡ್ಡಿಯವರೆಗೆ ಸ್ಕೇಲ್ ಹಿಡಿದು ಅಳೆಯಿರಿ, ಕಾರ್ಡಿನ ಉದ್ದಕ್ಕಿಂತ ಎರಡು ಸೆಂಟಿಮೀಟರ್ ಹೆಚ್ಚಿರಲಿ. ನಿಮ್ಮ ಮಾನಿಟರಿನಲ್ಲಿ ನೀಲಿ ವಿಜಿಎ ಕನೆಕ್ಟರ್ ಮಾತ್ರ ಇದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಪರಿವರ್ತಿಸುವ ಆ್ಯಕ್ಟಿವ್ ಅಡಾಪ್ಟರ್ ಬೇಕು, ಬರೀ ಕೇಬಲ್ ಸಾಲದು.

ಜೋಡಿಸುವಾಗ ಜನ ಎಡವುವುದು ಮುಖ್ಯವಾಗಿ ಸ್ಲಾಟಿನ ತುದಿಯ ಕೊಕ್ಕೆಯಲ್ಲಿ. ಹಳೆಯ ಕಾರ್ಡ್ ತೆಗೆಯುವ ಮುಂಚೆ ವಿಂಡೋಸ್‌ನಲ್ಲಿ ಅದರ ಡ್ರೈವರ್ ಅಳಿಸಿ, ಕಂಪ್ಯೂಟರ್ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಕ್ಯಾಬಿನೆಟ್ ಮಲಗಿಸಿ, ಬಣ್ಣ ಇಲ್ಲದ ಲೋಹ ಮುಟ್ಟಿ, ಹಿಂಬದಿಯ ಸ್ಕ್ರೂ ಬಿಚ್ಚಿ. ಆಮೇಲೆ ಆ ಕೊಕ್ಕೆ ಒತ್ತಬೇಕು. ಅದು ಕಾರ್ಡಿನ ಅಡಿಯಲ್ಲಿ ಮರೆಯಾಗಿರುತ್ತದೆ, ಬೆರಳು ಹೋಗುವುದಿಲ್ಲ. ಪೆನ್ಸಿಲ್ಲಿನ ಹಿಂತುದಿಯಿಂದ ಒತ್ತಿ. ಸ್ಕ್ರೂಡ್ರೈವರ್ ಜಾರಿದರೆ ಬೋರ್ಡಿನ ಗೆರೆ ಕತ್ತರಿಸಿಹೋಗುತ್ತದೆ. ಕೊಕ್ಕೆ ಬಿಡಿಸದೆ ಕಾರ್ಡ್ ಎಳೆದರೆ ಸ್ಲಾಟೇ ಕಿತ್ತುಬರಬಹುದು. ಹೊಸದನ್ನು ನೇರವಾಗಿ ಇಟ್ಟು ಎರಡೂ ತುದಿ ಸಮನಾಗಿ ಒತ್ತಿ, ಟಕ್ ಎಂಬ ಸದ್ದು ಬರಬೇಕು. ಸ್ಕ್ರೂ ಬಿಗಿದು, ಪವರ್ ಕನೆಕ್ಟರನ್ನು ಅದರ ಚಿಲಕ ಕೂರುವ ತನಕ ತಳ್ಳಿ. ಕಾರ್ಡಿಗೆ ಎರಡು ಕನೆಕ್ಟರ್ ಬೇಕಿದ್ದರೆ ಕವಲೊಡೆದ ಒಂದೇ ಕೇಬಲ್ ಬೇಡ, ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ತನ್ನಿ.

ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು ಅಂದರೆ ಮೊದಲು ಹಿಂದೆ ನೋಡಿ. ಮಾನಿಟರಿನ ಕೇಬಲ್ ಮದರ್‌ಬೋರ್ಡಿನ ಕಿಂಡಿಯಲ್ಲೇ ಉಳಿದಿರುತ್ತದೆ, ಅದನ್ನು ಕಾರ್ಡಿಗೆ ಚುಚ್ಚಿ. ಅದು ಸರಿ ಇದ್ದರೆ ಪವರ್ ಕನೆಕ್ಟರ್, ಆಮೇಲೆ ಕಾರ್ಡ್ ಪೂರ್ತಿ ಕೂತಿದೆಯೇ ಎಂಬುದು. 2012ಕ್ಕೂ ಹಿಂದಿನ ಬೋರ್ಡಾದರೆ ಯುಇಎಫ್‌ಐ ಎಂಬ ಹೊಸ ಬಗೆಯದಲ್ಲದ ಹಳೆಯ ಬಯೋಸ್, ಅಂದರೆ ಕಂಪ್ಯೂಟರನ್ನು ಶುರುಮಾಡುವ ಬೋರ್ಡಿನ ಸಾಫ್ಟ್‌ವೇರ್, ಹೊಸ ಕಾರ್ಡನ್ನು ಗುರುತಿಸದೇ ಇರಬಹುದು. ಬೋರ್ಡ್ ತಯಾರಕರು ಹೊಸ ಬಯೋಸ್ ಕೊಟ್ಟಿದ್ದಾರೆಯೇ ಎಂದು ಕಾರ್ಡ್ ಕೊಳ್ಳುವ ಮುಂಚೆಯೇ ನೋಡಿ.

ಪರದೆ ಬಂದ ಮೇಲೆ ಡ್ರೈವರ್ ಹಾಕಿ, ನಿಮ್ಮ ಅತಿ ಭಾರದ ಆಟವನ್ನು ಅರ್ಧ ಗಂಟೆ ಬಿಡದೆ ಓಡಿಸಿ. ಆಗ ಕ್ಯಾಬಿನೆಟ್‌ನ ಹಿಂದೆ, ಎಸ್‌ಎಂಪಿಎಸ್‌ನ ಗಾಳಿ ಹೊರಬರುವ ಜಾಲರಿಯ ಮುಂದೆ ಅಂಗೈ ಹಿಡಿಯಿರಿ. ಬೆಚ್ಚಗಿದ್ದರೆ ಸರಿ. ಸುಟ್ಟ ವಾಸನೆ ಬಂದರೆ, ಕೀರಲು ಸದ್ದು ಕೇಳಿದರೆ, ಗಾಳಿಯೇ ಬಾರದೆ ಡಬ್ಬ ಮುಟ್ಟಲಾಗದಷ್ಟು ಕಾದಿದ್ದರೆ ತಕ್ಷಣ ಆರಿಸಿ, ಎಸ್‌ಎಂಪಿಎಸ್ ಬದಲಾಗುವವರೆಗೆ ಹಳೆಯ ಕಾರ್ಡನ್ನೇ ಹಾಕಿಕೊಂಡಿರಿ. ನಮಸ್ಕಾರ.