ಎರಡು ಸೀಸನ್ ಕೊಡಿ, ಆಮೇಲೆ ಮಾತಾಡಿ

ನಮಸ್ಕಾರ ಸ್ನೇಹಿತರೇ. ಇವತ್ತು ಸ್ಪೀಡ್‌ವೇ ರೇಸ್ ಬೈಕ್‌ಗಳ ಮೆಥನಾಲ್ ಎಂಜಿನ್ ಬಗ್ಗೆ ಮಾತಾಡಬೇಕಿತ್ತು. ಎಪಿಸೋಡ್ ಪೂರ್ತಿ ಬರೆದಿಟ್ಟಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ, ಹೋದ ವಿಡಿಯೋಗೆ ಬಂದ ಒಂದು ಕಾಮೆಂಟ್. ಅದನ್ನು ಓದಿದ ರಾತ್ರಿಯಿಂದ ನನ್ನ ತಲೆಯಲ್ಲಿ ಅದೇ ಓಡುತ್ತಿದೆ.

ನೆನಪಿದೆಯಲ್ವಾ, ಹೋದ ಸಲ ಸ್ಪೀಡ್‌ವೇ ಓಡಿಸುವ 17 ವರ್ಷದ ಒಬ್ಬ ಹುಡುಗನ ಬಗ್ಗೆ ಹೇಳಿದ್ದೆ. ಇಲ್ಲಿ ಮ್ಯಾಂಚೆಸ್ಟರ್‌ಗೆ ಬಂದಿದ್ದ ಎದುರಾಳಿ ತಂಡದವನು. ಕೆಳಗಿನ ಲೀಗ್‌ನಿಂದ ಪ್ರೀಮಿಯರ್‌ಶಿಪ್‌ಗೆ, ಅಂದರೆ ಇಲ್ಲಿನ ಅತಿ ಮೇಲಿನ ಲೀಗ್‌ಗೆ, ಹತ್ತಿ ಬಂದವನು. ಅವನ ಮನೆಯವರು ಕೇಳಿಕೊಂಡಿಲ್ಲ, ಆದರೂ ಹೆಸರು ಹೇಳುವುದಿಲ್ಲ. ಆ ವಯಸ್ಸಿಗೆ ಅಷ್ಟು ಭಾರ ಸಾಕು. ಆ ರಾತ್ರಿ ಅವನಿಗೆ ಸಿಕ್ಕಿದ್ದು ಮೂರು ರೇಸ್. ಬಂದ ಅಂಕ ಸೊನ್ನೆ, ಸೊನ್ನೆ, ಒಂದು.

ಅದಕ್ಕೆ ಬಂದ ಕಾಮೆಂಟ್: "ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತೆ. ಇವನಲ್ಲಿ ಏನೂ ಕಾಣಲಿಲ್ಲ. ವಾಪಸ್ ಕಳಿಸಿ."

ವಾಪಸ್ ಕಳಿಸಿ! ಮೂರು ರೇಸ್ ನೋಡಿ! ಒಂದು ರೇಸ್ ಎಂದರೆ ನಾಲ್ಕು ಸುತ್ತು, ಹೆಚ್ಚು ಕಡಿಮೆ ಒಂದು ನಿಮಿಷ. ಅಂದರೆ ಮೂರು ನಿಮಿಷ ನೋಡಿ ಒಬ್ಬ ಹುಡುಗನ ಬಾಳಿನ ಬಗ್ಗೆ ತೀರ್ಪು. ನಾನು ಹೇಳುವುದು ಒಂದೇ ಮಾತು. ಎರಡು ಸೀಸನ್ ಕೊಡಿ, ಆಮೇಲೆ ಮಾತಾಡಿ.

ಹೊಸದಾಗಿ ಕೇಳುತ್ತಿರುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸ್ಪೀಡ್‌ವೇ ಅಂದರೆ ಮಣ್ಣಿನ ಮೊಟ್ಟೆಯಾಕಾರದ ಟ್ರ್ಯಾಕ್. 500 ಸಿಸಿ ಬೈಕ್, ಒಂದೇ ಸಿಲಿಂಡರ್, ಒಂದೇ ಗೇರ್. ಬ್ರೇಕ್ ಇಲ್ಲ. ತಮಾಷೆ ಅಲ್ಲ, ನಿಜವಾಗಲೂ ಬ್ರೇಕ್ ಇರುವುದಿಲ್ಲ. ಎಡಗಾಲಿನ ಬೂಟಿಗೆ ಉಕ್ಕಿನ ತಟ್ಟೆ ಕಟ್ಟಿರುತ್ತಾರೆ. ತಿರುವು ಬಂದಾಗ ಆ ಕಾಲನ್ನು ನೆಲಕ್ಕೆ ಸವರುತ್ತಾ, ಹಿಂದಿನ ಚಕ್ರವನ್ನು ಜಾರಿಸಿ, ಬೈಕನ್ನು ಅಡ್ಡ ತಿರುಗಿಸಿಕೊಂಡೇ ಹೋಗುವುದು. ನೇರ ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟುತ್ತದೆ. ಒಂದು ಹೀಟ್‌ಗೆ, ಅಂದರೆ ಒಂದು ರೇಸ್‌ಗೆ, ನಾಲ್ಕು ಜನ, ತಂಡಕ್ಕೆ ಇಬ್ಬರು. ಮೊದಲು ಬಂದವನಿಗೆ 3, ಆಮೇಲೆ 2, 1, ಕೊನೆಯವನಿಗೆ 0.

ಈಗ ಈ ಲೆಕ್ಕವನ್ನೇ ಗಮನಿಸಿ. ಪಂದ್ಯಕ್ಕೆ 15 ಹೀಟ್. ನಾಲ್ವರೂ ರೇಸ್ ಮುಗಿಸಿದರೆ ಪ್ರತಿ ಹೀಟ್‌ನಲ್ಲೂ ಒಬ್ಬನಿಗೆ ಸೊನ್ನೆ ಬರಲೇಬೇಕು. ಅಂದರೆ ಆ ರಾತ್ರಿ 15 ಸೊನ್ನೆಗಳು ಯಾರದೋ ತಲೆಗೆ ಹೋಗಲೇಬೇಕು. ಯಾರ ತಲೆಗೆ ಹೋಗುತ್ತವೆ? ಹದಿನೈದು ವರ್ಷ ಓಡಿಸಿದವನಿಗಾ, ಹೋದ ತಿಂಗಳು ಬಂದವನಿಗಾ? ಸೊನ್ನೆ ಅನ್ನುವುದು ಈ ಆಟದಲ್ಲಿ ಹೊಸಬರು ಕಟ್ಟುವ ಫೀಸು. ಅದನ್ನು ಕಟ್ಟದೆ ಮೇಲೆ ಹೋದವರು ತೀರಾ ಕಡಿಮೆ.

ಆ ಕಾಮೆಂಟ್ ಬರೆದವರು ಇನ್ನೊಂದನ್ನು ನೋಡಲೇ ಇಲ್ಲ. ಮೂರನೇ ರೇಸ್‌ನಲ್ಲಿ ಬಂದ ಆ ಒಂದು ಅಂಕ. ಮೂರೂವರೆ ಸುತ್ತು ಆ ಹುಡುಗ ಒಬ್ಬ ಹಿರಿಯನ ಹಿಂದೆಯೇ ಇದ್ದ. ಮುಖಕ್ಕೆಲ್ಲ ಮಣ್ಣು ಹೊಡೆಯುತ್ತಿತ್ತು. ಕನ್ನಡಕದ ಮೇಲಿನ ಮಣ್ಣು ಮೆತ್ತಿದ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಒಂದೊಂದಾಗಿ ಕಿತ್ತು ಎಸೆಯುತ್ತಲೇ ಇದ್ದ. ಕೊನೆಯ ಸುತ್ತಿನ ಮೂರನೇ ತಿರುವಿನಲ್ಲಿ ಆ ಹಿರಿಯ ಸ್ವಲ್ಪ ಅಗಲಕ್ಕೆ ಹೋದ. ಹುಡುಗ ಒಳಗೆ ನುಗ್ಗಿದ. ಅಷ್ಟು ಹೊತ್ತು ಆ ಜಾಗಕ್ಕಾಗಿಯೇ ಕಾಯುತ್ತಿದ್ದ ಅನ್ನುವುದು ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಾಯಿತು. ನನ್ನ ಪಕ್ಕದಲ್ಲಿದ್ದ ಅಜ್ಜ, ನಮ್ಮ ಬೆಲ್ ವ್ಯೂ ತಂಡದ ಜಾಕೆಟ್ ಹಾಕಿಕೊಂಡವರು, ಎದುರಾಳಿ ಹುಡುಗನಿಗೆ ಚಪ್ಪಾಳೆ ಹೊಡೆದರು. ಸ್ಕೋರ್ ಕಾರ್ಡ್‌ನಲ್ಲಿ ಅದು ಬರೀ 1.

ಇನ್ನು ಮೊಳಕೆ ವಿಷಯ. ನಮ್ಮ ಕಡೆ ಗುಳಿ ರಾಗಿ ಬೆಳೆಯುವವರನ್ನು ನೋಡಿದ್ದೀರಾ? ಪೈರು ಎಳೆಯದಾಗಿರುವಾಗಲೇ ಅದರ ಮೇಲೆ ಕೊರಡು ಎಳೆಯುತ್ತಾರೆ. ಪೈರೆಲ್ಲ ಬಾಗಿ ನೆಲಕ್ಕೆ ಒರಗುತ್ತದೆ. ಗೊತ್ತಿಲ್ಲದವರು ನೋಡಿದರೆ, ಅಯ್ಯೋ ಹೊಲ ಹಾಳಾಯಿತು ಅನ್ನುತ್ತಾರೆ. ಆಮೇಲೆ ಬೇರು ಬಲವಾಗುತ್ತದೆ, ಬುಡದಲ್ಲಿ ತೆಂಡೆ ಒಡೆಯುತ್ತದೆ. ಕೊರಡು ಎಳೆದ ದಿನವೇ ಹೊಲಕ್ಕೆ ಹೋಗಿ ಇಳುವರಿ ಎಷ್ಟು ಅಂತ ಕೇಳಿದರೆ ರೈತ ಏನು ಹೇಳಬೇಕು? ಗಾದೆ ನನಗೂ ಗೊತ್ತು. ಗಾದೆ ಹೇಳಿದವರು ಮೊಳಕೆ ನೋಡಿ ಅಂದರು, ಕಿತ್ತು ಹಾಕಿ ಅನ್ನಲಿಲ್ಲ.

ಮೈಸೂರಿನವರು ಒಂದು ನಿಮಿಷ ಕಿವಿ ಕೊಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ನಮಗೆಲ್ಲ ಗೊತ್ತು. 1961ರಲ್ಲಿ ಬೈಕ್ ಮಾಡಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ನಮ್ಮ ಚಿಕ್ಕಪ್ಪನ ಯೆಜ್ಡಿ ಅಲ್ಲೇ ಹುಟ್ಟಿದ್ದು, ಅದರ ಟ್ಯಾಂಕ್ ಮೇಲೆ ಕೂತು ನಾನು ಬೆಳೆದಿದ್ದು. ಅದೇ ಜಾವಾ ಹೆಸರು ಸ್ಪೀಡ್‌ವೇಯಲ್ಲಿ ದೊಡ್ಡ ಹೆಸರು. ಚೆಕ್ ನೆಲದ ದಿವಿಶೋವ್ ಎಂಬ ಪುಟ್ಟ ಊರಿನಲ್ಲಿ ಎಸೋ ಎಂಬ ಕಂಪನಿ ಸ್ಪೀಡ್‌ವೇ ಬೈಕ್ ಮಾಡುತ್ತಿತ್ತು. 1964ರಲ್ಲಿ ಅದು ಜಾವಾ ಜೊತೆ ಸೇರಿತು. ಇದರ ಬಗ್ಗೆ ನಾನು ಎರಡು ಭಾಗದ ವಿಡಿಯೋ ಮಾಡಿದ್ದೇನೆ, ಚಾನೆಲ್‌ನಲ್ಲಿ ಇದೆ, ದಯವಿಟ್ಟು ನೋಡಿ. ತುಂಬಾ ಪ್ರೀತಿಯಿಂದ ಮಾಡಿದ್ದು.

ಆ ಜಾವಾ ಓಡಿಸಿ ಜಗತ್ತನ್ನೇ ಗೆದ್ದವರಲ್ಲಿ ಒಬ್ಬರು ನ್ಯೂಜಿಲೆಂಡ್‌ನ ಐವನ್ ಮಾಗರ್. ಆರು ಬಾರಿ ವಿಶ್ವ ಚಾಂಪಿಯನ್. 1968, 69, 70, 72, 77, 79. ಇವರ ಶುರು ಹೇಗಿತ್ತು? 1957ರಲ್ಲಿ, 17ರ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದರು, ವಿಂಬಲ್ಡನ್ ತಂಡಕ್ಕೆ. ನೆಲೆ ನಿಲ್ಲಲು ಆಗಲಿಲ್ಲ. ಊರಿಗೆ ವಾಪಸ್ ಹೋದರು. 1963ರಲ್ಲಿ ಮತ್ತೆ ಬಂದು ನ್ಯೂಕ್ಯಾಸಲ್‌ನಲ್ಲಿ ಓಡಿಸಿದರು. ಮೊದಲ ಸಲ ಬಂದಿದ್ದಕ್ಕೂ ಮೊದಲ ವಿಶ್ವ ಪಟ್ಟಕ್ಕೂ ನಡುವೆ 11 ವರ್ಷ! ನಮ್ಮ ಕಾಮೆಂಟ್ ಬರೆದವರು 1957ರಲ್ಲಿ ವಿಂಬಲ್ಡನ್‌ನಲ್ಲಿ ನಿಂತಿದ್ದರೆ ಏನು ಹೇಳುತ್ತಿದ್ದರು? ವಾಪಸ್ ಕಳಿಸಿ ಅನ್ನುತ್ತಿದ್ದರು.

ಅದು ಹಳೇ ಕಾಲ ಅನ್ನುತ್ತೀರಾ? ಸರಿ, ಟಾಯ್ ವಾಫಿಂಡನ್. ಹುಟ್ಟಿದ್ದು ಇಂಗ್ಲೆಂಡಿನ ಸ್ಕಂಥೋರ್ಪ್‌ನಲ್ಲಿ, ಬೆಳೆದಿದ್ದು ಆಸ್ಟ್ರೇಲಿಯಾದಲ್ಲಿ. 2006ರಲ್ಲಿ ವಾಪಸ್ ಬಂದು ಮೂರನೇ ದರ್ಜೆಯ ಲೀಗ್‌ನಲ್ಲಿ ಶುರು ಮಾಡಿದ. ಆಮೇಲೆ ರೈ ಹೌಸ್, ಅದು ಎರಡನೇ ದರ್ಜೆ. ಆಮೇಲೆ ವುಲ್ವರ್‌ಹ್ಯಾಂಪ್ಟನ್. ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ. 2010ರಲ್ಲಿ, 19 ವಯಸ್ಸಿಗೆ ಗ್ರ್ಯಾನ್ ಪ್ರಿ, ಅಂದರೆ ವಿಶ್ವ ಚಾಂಪಿಯನ್‌ಶಿಪ್‌ನ ಬಾಗಿಲು ತೆರೆಯಿತು. ಅದೇ ವರ್ಷದ ಜನವರಿಯಲ್ಲಿ ಅಪ್ಪ ಕ್ಯಾನ್ಸರ್‌ನಿಂದ ತೀರಿಹೋದರು. ಆ ಸೀಸನ್ ಅವನು 14ನೇ ಸ್ಥಾನ. ಗ್ರ್ಯಾನ್ ಪ್ರಿಯಿಂದ ಹೊರಗೆ. ಮುಗಿಯಿತು ಕಥೆ ಅಂದವರು ಎಷ್ಟೋ ಜನ. 2013ರಲ್ಲಿ ಮತ್ತೆ ಕರೆದರು. ಆ ವರ್ಷ ಕಾಲರ್ ಮೂಳೆ ಮುರಿದುಕೊಂಡೂ ಓಡಿಸಿ ವಿಶ್ವ ಚಾಂಪಿಯನ್ ಆದ. 2000ದಲ್ಲಿ ಮಾರ್ಕ್ ಲೋರಮ್ ಗೆದ್ದ ಮೇಲೆ ಬ್ರಿಟನ್ನಿಗೆ ಅದೇ ಮೊದಲು. 2015ರಲ್ಲಿ ಮತ್ತೆ, 2018ರಲ್ಲಿ ಮತ್ತೆ. ಕಾಯದೆ ಇದ್ದಿದ್ದರೆ ಆ ಮೂರು ಪಟ್ಟ ಎಲ್ಲಿಂದ ಬರುತ್ತಿತ್ತು? ಎರಡು ಸೀಸನ್ ಕೊಡಿ ಅನ್ನುತ್ತಿರುವುದು ಇದಕ್ಕೇ!

ಇನ್ನೊಬ್ಬರು ಕೆಳಗೆ ಉತ್ತರ ಬರೆದಿದ್ದಾರೆ: "ಹಾಗಾದರೆ ಸ್ಮಾರ್ಜ್‌ಲಿಕ್ ಹೇಗೆ? ಅವನು 16ಕ್ಕೇ ಬಂದ." ಬಂದ, ನಿಜ. ಬಾರ್ತೋಶ್ ಸ್ಮಾರ್ಜ್‌ಲಿಕ್ 2011ರಲ್ಲಿ ಗೋಜೂಫ್ ತಂಡದ ಪರವಾಗಿ ಪೋಲೆಂಡಿನ ಎಕ್ಸ್‌ತ್ರಾಲೀಗಾಗೆ ಬಂದ. ಸ್ಪೀಡ್‌ವೇಯಲ್ಲಿ ಅದಕ್ಕಿಂತ ಗಟ್ಟಿ ಲೀಗ್ ಇಲ್ಲ. 19ಕ್ಕೆ ತನ್ನ ತಂಡದ ಟ್ರ್ಯಾಕ್‌ನಲ್ಲಿ ಗ್ರ್ಯಾನ್ ಪ್ರಿ ಗೆದ್ದ. ಆದರೆ ಮೊದಲ ವಿಶ್ವ ಪಟ್ಟ ಯಾವಾಗ? 2019. ಎಂಟು ವರ್ಷ ಆಯಿತು. ಈಗ ಅವನ ಹತ್ತಿರವೂ ಆರು ಪಟ್ಟ ಇದೆ, ಮಾಗರ್ ಹಾಗೆ. ಅಂಥವನಿಗೇ ಎಂಟು ವರ್ಷ ಹಿಡಿಯಿತು, ನೀವು ಈ ಹುಡುಗನಿಗೆ ಮೂರು ನಿಮಿಷ ಕೊಡುತ್ತೀರಿ.

ಪೋಲೆಂಡಿನವರಿಗೆ ಇದು ಗೊತ್ತಿದೆ. ಅಲ್ಲಿ ಪ್ರತಿ ತಂಡದಲ್ಲೂ 21 ವರ್ಷದೊಳಗಿನ ಹುಡುಗರು ಇರಲೇಬೇಕು ಅಂತ ನಿಯಮ. ಪಂದ್ಯದ ಎರಡನೇ ಹೀಟ್ ಪೂರ್ತಿ ಅವರದೇ. ರೇಸ್ ಶುರುವಾಗುವ ಗೇಟ್‌ನಲ್ಲಿ ನಾಲ್ಕೂ ಹುಡುಗರು, ಸುತ್ತ ಸಾವಿರಾರು ಜನ. ವಿಕ್ಟರ್ ಪ್ಶಿಯೆಮ್ಸ್ಕಿಯನ್ನು ನೋಡಿ. 2005ರಲ್ಲಿ ಹುಟ್ಟಿದವನು. ಮೂರು ಸೀಸನ್ ಬಿದ್‌ಗೋಶ್ಚ್ ಊರಿನ ತಂಡದಲ್ಲಿ, ಎರಡನೇ ದರ್ಜೆಯಲ್ಲಿ ಪಳಗಿದ. 2024ರಲ್ಲಿ ಲುಬ್ಲಿನ್‌ಗೆ, ಮೇಲಿನ ಲೀಗ್‌ಗೆ ಹೋದ. ಅದೇ ವರ್ಷ 21ರೊಳಗಿನವರ ವಿಶ್ವ ಚಾಂಪಿಯನ್. ಇಂಗ್ಲೆಂಡ್ ಕೂಡ ಕಲಿಯುತ್ತಿದೆ. 2021ರಿಂದ ಪ್ರೀಮಿಯರ್‌ಶಿಪ್‌ನಲ್ಲಿ 'ರೈಸಿಂಗ್ ಸ್ಟಾರ್' ಅಂತ ತಂಡಕ್ಕೊಬ್ಬ ಎಳೆಯನಿಗೆ ಜಾಗ ಇಟ್ಟಿದ್ದಾರೆ. ಜಾಗ ಇಟ್ಟರೆ ಸಾಲದು, ಅಲ್ಲಿ ಕೂತವನನ್ನು ತಿಂಗಳಿಗೊಮ್ಮೆ ಎಬ್ಬಿಸಬಾರದು.

ಈಗ ದುಡ್ಡಿನ ಮಾತು. ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಸ್ಪೀಡ್‌ವೇಯಲ್ಲಿ ಸಂಪಾದನೆ ಬಹಳಮಟ್ಟಿಗೆ ಅಂಕದ ಲೆಕ್ಕ. ಅಂಕ ಬಂದರೆ ದುಡ್ಡು. ದುಡ್ಡಿದ್ದರೆ ಎಂಜಿನ್ ಬಿಚ್ಚಿಸಿ ಸರ್ವಿಸ್ ಮಾಡಿಸಬಹುದು. ಹಿರಿಯನ ವ್ಯಾನ್‌ನಲ್ಲಿ ಮೂರ್ನಾಲ್ಕು ಎಂಜಿನ್ ಇರುತ್ತವೆ, ಜೊತೆಗೆ ಸಂಬಳದ ಮೆಕ್ಯಾನಿಕ್. ಈ ಹುಡುಗನಿಗೆ ಎರಡು ಬೈಕ್, ಮೆಕ್ಯಾನಿಕ್ ಅವನ ಅಪ್ಪನೇ. ರೇಸ್ ಮುಗಿದ ಮೇಲೆ ಪಿಟ್ಸ್, ಅಂದರೆ ಬೈಕ್ ರಿಪೇರಿ ಮಾಡುವ ಜಾಗದ ಹತ್ತಿರ ಹೋಗಿ ನೋಡಿದೆ. ಅಪ್ಪ ಮೊಣಕಾಲೂರಿ ಹಿಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಬದಲಿಸುತ್ತಿದ್ದರು. ಹುಡುಗ ಟಾರ್ಚ್ ಹಿಡಿದಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಟ್ರ್ಯಾಕ್‌ನಿಂದ ಟ್ರ್ಯಾಕ್‌ಗೆ ಎಲ್ಲ ಬದಲಾಗುತ್ತದೆ. ಮ್ಯಾಂಚೆಸ್ಟರ್ ಟ್ರ್ಯಾಕ್ 347 ಮೀಟರ್. ವಾಫಿಂಡನ್ ಓಡಿಸುತ್ತಿದ್ದ ವುಲ್ವರ್‌ಹ್ಯಾಂಪ್ಟನ್ ಟ್ರ್ಯಾಕ್ ಬರೀ 264 ಇತ್ತು. ಒಂದರಲ್ಲಿ ಓಡಿದ ಸ್ಪ್ರಾಕೆಟ್, ಕಾರ್ಬ್ಯುರೇಟರ್ ಜೆಟ್, ಕ್ಲಚ್ ಹದ ಇನ್ನೊಂದರಲ್ಲಿ ಓಡುವುದಿಲ್ಲ. ಹಿರಿಯನಿಗೆ ಇದೆಲ್ಲ ವರ್ಷಗಟ್ಟಲೆ ಬರೆದಿಟ್ಟ ಪುಸ್ತಕದಲ್ಲಿದೆ. ಹುಡುಗ ಪ್ರತಿ ಊರಿಗೂ ಮೊದಲ ಸಲ ಹೋಗುತ್ತಿದ್ದಾನೆ. ಮೊದಲ ಸೀಸನ್ ಅಂದರೆ ಆ ಪುಸ್ತಕ ಬರೆಯುವ ಸೀಸನ್. ಓದುವುದು ಎರಡನೇ ಸೀಸನ್‌ನಲ್ಲಿ. ಅದಕ್ಕೇ ಎರಡು. ಒಂದಲ್ಲ, ಎರಡು!

"ಅಷ್ಟು ಚಿಕ್ಕವರನ್ನು ಇಳಿಸುವುದೇ ತಪ್ಪು, ಅಪಾಯ" ಅಂತ ಒಬ್ಬ ಅಕ್ಕ ಬರೆದಿದ್ದಾರೆ. ಅಕ್ಕ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. 2016ರ ಮೇ ತಿಂಗಳಲ್ಲಿ ರಿಬ್ನಿಕ್‌ನಲ್ಲಿ ಎಕ್ಸ್‌ತ್ರಾಲೀಗಾ ಪಂದ್ಯದಲ್ಲಿ ಬಿದ್ದ ಕ್ರಿಸ್ತಿಯಾನ್ ರೆಂಪಾವಾ ಕೆಲವೇ ದಿನಗಳಲ್ಲಿ ತೀರಿಕೊಂಡ. 18 ವರ್ಷ. ಅದರ ಹಿಂದಿನ ವರ್ಷ ಡಾರ್ಸಿ ವಾರ್ಡ್. ಎರಡು ಬಾರಿ ಕಿರಿಯರ ವಿಶ್ವ ಚಾಂಪಿಯನ್ ಆದವನು ಪೋಲೆಂಡಿನ ಝೆಲೋನಾ ಗೂರಾದಲ್ಲಿ ಬಿದ್ದ, ಮತ್ತೆ ನಡೆಯಲಾಗಲಿಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಆ ಅಪಘಾತಗಳಿಗೆ ಯಾರದೋ ಒತ್ತಡ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಯೋಚನೆ ಮಾಡಿ. ಬ್ರೇಕ್ ಇಲ್ಲದ ಬೈಕ್‌ನಲ್ಲಿ ಹುಡುಗನ ಕೈಯಲ್ಲಿರುವ ರಕ್ಷಣೆ ಥ್ರಾಟಲ್, ಅಂದರೆ ಆಕ್ಸಿಲರೇಟರ್, ಬಿಡುವುದು. ಮೊದಲ ತಿರುವಿನಲ್ಲಿ ನಾಲ್ಕು ಬೈಕ್ ಒಂದೇ ಜಾಗಕ್ಕೆ ನುಗ್ಗುವಾಗ, ಇದು ಆಗಲ್ಲ ಅನಿಸಿದರೆ ಬಿಡಬೇಕು. ಇವತ್ತು ಅಂಕ ಬರದಿದ್ದರೆ ಮುಂದಿನ ವಾರ ತಂಡದಲ್ಲಿ ಇರುವುದಿಲ್ಲ ಅಂತ ಗೊತ್ತಿರುವ ಹುಡುಗ ಬಿಡುತ್ತಾನಾ? ನಾಳೆ ಇದೆ ಅಂತ ಗೊತ್ತಿದ್ದವನು ಬಿಡುತ್ತಾನೆ. ಆ ನಾಳೆಯನ್ನು ಅವನಿಗೆ ಕೊಡಿ ಅನ್ನುತ್ತಿದ್ದೇನೆ, ಅಷ್ಟೇ.

ಇನ್ನು ಕೆಲವರು ಕೇಳುತ್ತಾರೆ, "ತಂಡ ಸೋತರೆ ಯಾರು ಹೊಣೆ?" ಸೋಲಲಿ! ಸೋತರೆ ಏನಾಯಿತು? ಒಂದು ಪಂದ್ಯ ಸೋಲಬಹುದು, ಎರಡು ಸೋಲಬಹುದು. "ಟಿಕೆಟ್‌ಗೆ ದುಡ್ಡು ಕೊಡುತ್ತೇವೆ." ನಾನೂ ಕೊಡುತ್ತೇನೆ ಸ್ವಾಮಿ, ಮಳೆಯಲ್ಲಿ ನಿಂತು ನೋಡುತ್ತೇನೆ! "ವಿದೇಶಿ ಹಿರಿಯನನ್ನು ತರಬಹುದು." ತನ್ನಿ, ತನ್ನಿ. ಅವನು ಇಂಗ್ಲೆಂಡ್, ಪೋಲೆಂಡ್, ಸ್ವೀಡನ್ ಅಂತ ವಾರಕ್ಕೆ ಮೂರು ದೇಶ ಓಡಾಡುತ್ತಾನೆ. ಅವನು ನಿವೃತ್ತನಾದ ದಿನ ಗೇಟ್‌ನಲ್ಲಿ ಯಾರನ್ನು ನಿಲ್ಲಿಸುತ್ತೀರಿ? ಕಾಮೆಂಟ್ ಬರೆದವರನ್ನಾ? ಎರಡು ಸೀಸನ್! ಎಷ್ಟು ಸಲ ಹೇಳಲಿ? ಎರಡೇ ಎರಡು! ಅಷ್ಟೂ ಕಾಯಲಾಗದವರು ಎಳೆಯರ ಆಟ ನೋಡಲೇಬೇಡಿ.

ಇನ್ನೂ ಎರಡು ಪುಟ ಬರೆದಿಟ್ಟುಕೊಂಡಿದ್ದೆ. ಓದುವುದಿಲ್ಲ. ಹೇಳಬೇಕಾದದ್ದು ಹೇಳಿಯಾಯಿತು, ಜಾಸ್ತಿ ಕೂಗಿದರೆ ಪಕ್ಕದ ಮನೆಯವರು ಗೋಡೆ ತಟ್ಟುತ್ತಾರೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲದಿದ್ದರೆ ಮಾಡಿ. ಕನ್ನಡದಲ್ಲಿ ಸ್ಪೀಡ್‌ವೇ ಬಗ್ಗೆ ಕೇಳುವವರು ಇದ್ದಾರೆ ಅಂತ ಗೊತ್ತಾದರೆ ನನಗೆ ಇನ್ನೊಂದು ವಿಡಿಯೋ ಮಾಡುವ ಹುರುಪು ಬರುತ್ತದೆ. ಮ್ಯಾಂಚೆಸ್ಟರ್ ಸುತ್ತಮುತ್ತ ಇರುವ ಕನ್ನಡದವರು ಒಂದು ಸೋಮವಾರ ಮಕ್ಕಳನ್ನು ಕರೆದುಕೊಂಡು ಬನ್ನಿ. ಸ್ವೆಟರ್ ಮರೆಯಬೇಡಿ. ಮೊದಲ ತಿರುವಿನ ಹತ್ತಿರ ನಿಂತರೆ ಮಣ್ಣು ಮೈಮೇಲೆ ಬೀಳುತ್ತದೆ, ಮಕ್ಕಳಿಗೆ ಅದೇ ಖುಷಿ.

ಆ ಹುಡುಗನ ತಂಡ ಮತ್ತೆ ಇಲ್ಲಿಗೆ ಬರುವ ದಿನ ನಾನು ಅದೇ ಜಾಗದಲ್ಲಿ ನಿಂತಿರುತ್ತೇನೆ. ಎರಡನೇ ಹೀಟ್‌ನ ಪಟ್ಟಿಯಲ್ಲಿ ಅವನ ಹೆಸರು ಇರಲಿ ಅಂತಲೇ ನನ್ನ ಆಸೆ. ಬರುತ್ತೇನೆ ಸ್ನೇಹಿತರೇ, ಮುಂದಿನ ವಾರ ಮೆಥನಾಲ್.